ಬೆಂಗಳೂರಿನಿಂದ ಗುವಾಂಗ್‌ಝೌಗೆ: ಕೋಲ್ಕತ್ತಾ, ಕ್ವಾಲಾಲಂಪುರ, ಹಾಂಗ್‌ಕಾಂಗ್ ದಾರಿಗಳ ಹೋಲಿಕೆ

ಹುಬ್ಬಳ್ಳಿ, ದಾವಣಗೆರೆ, ಮೈಸೂರು ಕಡೆಯಿಂದ ಗುವಾಂಗ್‌ಝೌಗೆ ಮಾಲು ನೋಡಲು ಹೊರಡುವವರು ಟಿಕೆಟ್ ದರ ನೋಡಿಯೇ ದಾರಿ ಆರಿಸುತ್ತಾರೆ. ದರಕ್ಕಿಂತ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಚೆಕ್‌ಇನ್ ಮಾಡಿದ ಬ್ಯಾಗು ಮತ್ತೆ ಕೈಗೆ ಸಿಗುವುದು ಯಾವ ಊರಲ್ಲಿ? ನಡುವೆ ಒಂದು ವಿಮಾನ ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಯಾರದು? ಮೂರು ದಾರಿಗಳಿಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ.

ಮೊದಲು ಬಸ್ಸಿನ ಮಾತು, ಯಾಕೆಂದರೆ ಎಡವಟ್ಟು ಶುರುವಾಗುವುದು ಅಲ್ಲಿಂದ. ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ವಿಮಾನಗಳಲ್ಲಿ ಬಹಳಷ್ಟು ತಡರಾತ್ರಿಯವು. ಟಿಕೆಟ್ಟಿನಲ್ಲಿ 15ನೇ ತಾರೀಖು 00:40 ಎಂದಿದ್ದರೆ ನೀವು ವಿಮಾನ ನಿಲ್ದಾಣದಲ್ಲಿ ಇರಬೇಕಾದದ್ದು 14ರ ರಾತ್ರಿ ಒಂಬತ್ತೂವರೆಗೆ. 15ರ ಬಸ್ ಬುಕ್ ಮಾಡಿ ವಿಮಾನ ಕಳೆದುಕೊಂಡವರು ಬೇಕಾದಷ್ಟು ಮಂದಿ. ಅಂತಾರಾಷ್ಟ್ರೀಯ ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಮೂರು ಗಂಟೆ ಮೊದಲು ತೆರೆದು, ಒಂದು ಗಂಟೆ ಮೊದಲು ಮುಚ್ಚುತ್ತದೆ.

ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ಸಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಬೆಂಗಳೂರಲ್ಲಿ ಇಳಿದು ಹತ್ತುವ ಗೋಜಿಲ್ಲದೆ ನೇರ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ. ನಾಲ್ಕರಿಂದ ಐದು ಗಂಟೆ ಹಿಡಿಯಿರಿ, ಸಂಜೆಯಾದರೆ ಐದೇ ಅಂದುಕೊಳ್ಳಿ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಮೆಜೆಸ್ಟಿಕ್ ಬಸ್ಸಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಹೋಗುವ ಅಗತ್ಯವಿಲ್ಲ. ಗೊರಗುಂಟೆಪಾಳ್ಯದಲ್ಲಿ ಇಳಿದು ಹೆಬ್ಬಾಳದ ಕಡೆ ತಿರುಗಿದರೆ ಪೇಟೆಯ ಟ್ರಾಫಿಕ್ ತಪ್ಪುತ್ತದೆ. ದೊಡ್ಡ ಸೂಟ್‌ಕೇಸ್ ಎರಡಿದ್ದರೆ ಮಾತ್ರ ಮೆಜೆಸ್ಟಿಕ್‌ಗೇ ಹೋಗಿ ವಾಯುವಜ್ರ ಹತ್ತುವುದು ವಾಸಿ, ಅದರಲ್ಲಿ ಲಗೇಜ್ ಇಡಲು ಜಾಗವಿದೆ. ಹೈದರಾಬಾದ್, ಅನಂತಪುರ ಕಡೆಯ ಬಸ್ಸುಗಳು ದೇವನಹಳ್ಳಿ ದಾಟಿ ವಿಮಾನ ನಿಲ್ದಾಣದ ತಿರುವಿನ ಪಕ್ಕದಲ್ಲೇ ಹಾದುಹೋಗುತ್ತವೆ. ಡ್ರೈವರಿಗೆ ಮೊದಲೇ ಹೇಳಿಟ್ಟರೆ ಸಾಕು.

ಕೋಲ್ಕತ್ತಾ ದಾರಿ ಮತ್ತೆ ತೆರೆದದ್ದು 2025ರ ಅಕ್ಟೋಬರ್ 26ರಂದು. 2020ರಲ್ಲಿ ನಿಂತಿದ್ದ ಭಾರತ-ಚೀನಾ ನೇರ ವಿಮಾನಗಳಲ್ಲಿ ಮೊದಲು ಶುರುವಾದದ್ದು ಇಂಡಿಗೋದ ಈ ಕೋಲ್ಕತ್ತಾ-ಗುವಾಂಗ್‌ಝೌ ಹಾರಾಟ. ಬೆಂಗಳೂರಿನಿಂದಲೇ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿ. ವೀಸಾ ಪರಿಶೀಲನೆ ಬೆಂಗಳೂರಿನ ಕೌಂಟರಿನಲ್ಲೇ ಮುಗಿಯುತ್ತದೆ, ಇಮಿಗ್ರೇಷನ್ ಕೋಲ್ಕತ್ತಾದಲ್ಲಿ. ಬ್ಯಾಗಿಗೆ ಅಂಟಿಸುವ ಚೀಟಿಯ ಮೇಲೆ ಗುವಾಂಗ್‌ಝೌ ಸಂಕೇತವಾದ ಸಿಎಎನ್ (CAN) ಎಂಬ ಮೂರಕ್ಷರ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಒಂದು ಎಚ್ಚರ: ಬೆಂಗಳೂರಿನಿಂದ ಹೊರಡುವ ಮೊದಲ ಹಾರಾಟ ದೇಶದೊಳಗಿನದು. ಅಂತಾರಾಷ್ಟ್ರೀಯ ಎಂದುಕೊಂಡು ಟರ್ಮಿನಲ್ 2ಕ್ಕೆ ಹೋಗಿ ನಿಂತರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಇಂಡಿಗೋದ ದೇಶೀಯ ವಿಮಾನಗಳು ಟರ್ಮಿನಲ್ 1ರಿಂದ. ಇನ್ನೆರಡು ದಾರಿಗಳಿಗೆ ಟರ್ಮಿನಲ್ 2.

ಈ ದಾರಿಯ ದೋಷ ಹವಾಮಾನ. ಗುವಾಂಗ್‌ಝೌನ ದೊಡ್ಡ ವ್ಯಾಪಾರ ಮೇಳವಾದ ಕ್ಯಾಂಟನ್ ಫೇರಿನ ವಸಂತದ ಸುತ್ತು ಏಪ್ರಿಲ್ 15ರಿಂದ ಮೇ 5ರವರೆಗೆ. ಬಂಗಾಳದಲ್ಲಿ ಸಂಜೆ ಹೊತ್ತು ಕಾಲಬೈಸಾಖಿ ಗಾಳಿಮಳೆ ಎರಗುವುದೂ ಅದೇ ದಿನಗಳಲ್ಲಿ. ಸಂಜೆ ಕೋಲ್ಕತ್ತಾ ತಲುಪುವ ವಿಮಾನಕ್ಕಿಂತ ಮಧ್ಯಾಹ್ನದೊಳಗೆ ತಲುಪುವುದನ್ನು ಹಿಡಿದರೆ ನೆಮ್ಮದಿ. ಇನ್ನೊಂದು ಕಿರಿಕಿರಿಯೂ ಇದೆ: ರಾತ್ರಿ ಹೊರಟ ವಿಮಾನ ಬೆಳಗಿನ ಜಾವ ಇಳಿಯುತ್ತದೆ. ಗುವಾಂಗ್‌ಝೌ ಮೆಟ್ರೋ ಆರು ಗಂಟೆ ಸುಮಾರಿಗೆ ಶುರು, ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನಕ್ಕೆ. ಹಿಂದಿನ ರಾತ್ರಿಗೂ ಸೇರಿಸಿ ಕೋಣೆ ಹಿಡಿಯದಿದ್ದರೆ ಲಾಬಿಯಲ್ಲಿ ತೂಕಡಿಸಬೇಕಾದೀತು.

ಕ್ವಾಲಾಲಂಪುರದ ದಾರಿ ಬಹಳ ಸಲ ಎಲ್ಲಕ್ಕಿಂತ ಅಗ್ಗವಾಗಿ ಕಾಣುತ್ತದೆ. ನಾಲ್ಕು ಗಂಟೆಯ ಒಂದು ಹಾರಾಟ, ಹೆಚ್ಚುಕಮ್ಮಿ ಅಷ್ಟೇ ಉದ್ದದ ಇನ್ನೊಂದು. ಏರ್‌ಏಷ್ಯಾದಲ್ಲಿ ಎರಡನ್ನೂ ಒಂದೇ ಬುಕಿಂಗಿನಲ್ಲಿ ಫ್ಲೈ-ಥ್ರೂ ಎಂದು ತೆಗೆದುಕೊಂಡರೆ ಬ್ಯಾಗು ಗುವಾಂಗ್‌ಝೌವರೆಗೆ ಹೋಗುತ್ತದೆ, ಮಲೇಷ್ಯಾದೊಳಗೆ ಕಾಲಿಡಬೇಕಿಲ್ಲ. ಆದರೆ ಕಾಣುವ ದರದಲ್ಲಿ ಕ್ಯಾಬಿನ್ನಿನ 7 ಕೆಜಿ ಬಿಟ್ಟರೆ ಬೇರೇನೂ ಸೇರಿರುವುದಿಲ್ಲ. ಸ್ಯಾಂಪಲ್ ತರುವವರು ಬರುವ ದಿಕ್ಕಿಗೆ ಹೆಚ್ಚು ಕಿಲೋ, ಹೋಗುವ ದಿಕ್ಕಿಗೆ ಕಡಿಮೆ ಎಂದು ಬೇರೆಬೇರೆಯಾಗಿ ಕೊಳ್ಳಬೇಕು. ಬುಕಿಂಗ್ ಮಾಡುವಾಗಲೇ ಕೊಂಡರೆ ಅಗ್ಗ, ಕೌಂಟರಿನಲ್ಲಿ ಕೊಂಡರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಎರಡು ಕಂಪನಿಗಳ ಎರಡು ಟಿಕೆಟ್ ಜೋಡಿಸಿದರೆ ಕಥೆಯೇ ಬೇರೆ. ಬ್ಯಾಗನ್ನು ನೀವೇ ಎತ್ತಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಅಂದರೆ ಮಲೇಷ್ಯಾ ಇಮಿಗ್ರೇಷನ್ ದಾಟಬೇಕು, ಅದಕ್ಕೆ ತಲುಪುವ ದಿನಕ್ಕೆ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿರಬೇಕು. ಏರ್‌ಏಷ್ಯಾ ಇಳಿಯುವುದು ಟರ್ಮಿನಲ್ 2ರಲ್ಲಿ, ಚೈನಾ ಸದರ್ನ್ ಹೊರಡುವುದು ಟರ್ಮಿನಲ್ 1ರಿಂದ. ನಡುವೆ ರೈಲು ಮೂರು ನಿಮಿಷದ್ದೇ ಆದರೂ, ಇಮಿಗ್ರೇಷನ್ ಸಾಲು ಮತ್ತು ಬ್ಯಾಗು ಕಾಯುವುದು ಸೇರಿ ನಾಲ್ಕು ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳುವುದು ಜೂಜು. ತಪ್ಪಿದರೆ ಎರಡನೇ ಟಿಕೆಟ್ ಪೂರ್ತಿ ನಷ್ಟ, ಕೇಳುವವರಿಲ್ಲ. ಇದೇ ಜೋಡಣೆಯನ್ನು ಸಿಂಗಪುರದಲ್ಲಿ ಮಾಡುವ ಯೋಚನೆ ಬೇಡ. ಅಲ್ಲಿ ಹೊರಗೆ ಬರಲು ಭಾರತೀಯರಿಗೆ ವೀಸಾ ಬೇಕು.

ಹಾಂಗ್‌ಕಾಂಗ್ ದಾರಿ ದುಬಾರಿ, ಆದರೂ ಶೆನ್‌ಝೆನ್, ಡೊಂಗ್‌ಗುವಾನ್ ಕಾರ್ಖಾನೆಗಳಿಗೆ ಹೋಗುವವರಿಗೆ ನಮ್ಮ ಮತ ಇದಕ್ಕೇ. ಬೆಂಗಳೂರಿನಿಂದ ಒಂದೇ ನೆಗೆತ, ಐದೂವರೆ ಆರು ಗಂಟೆ. ಅಲ್ಲಿಂದ ಮುಂದೆ ವಿಮಾನ ಬೇಡ. ಕೋಚ್, ದೋಣಿ ಅಥವಾ ರೈಲು.

ಕೋಚ್ ಅಥವಾ ರೈಲಿಗೆ ಹಾಂಗ್‌ಕಾಂಗ್ ಪ್ರವೇಶಿಸಬೇಕು. ಭಾರತೀಯರಿಗೆ 14 ದಿನ ವೀಸಾ ಬೇಕಿಲ್ಲ, ಆದರೆ ಆನ್‌ಲೈನಿನಲ್ಲಿ ಪೂರ್ವ ನೋಂದಣಿ ಕಡ್ಡಾಯ. ಚೀನಾ ವೀಸಾ ಕೈಯಲ್ಲಿದ್ದರೂ ಇದು ಬೇಕೇ ಬೇಕು. ಶುಲ್ಕವಿಲ್ಲ, ಆರು ತಿಂಗಳು ನಡೆಯುತ್ತದೆ, ಬಿಳಿ ಎ4 ಹಾಳೆಯಲ್ಲಿ ಪ್ರಿಂಟ್ ಒಯ್ಯಬೇಕು. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇದ್ದರೆ, ನೋಂದಣಿಯಲ್ಲಿ ಇನಿಶಿಯಲ್ ಬಿಡಿಸಿ ಬರೆದು ಚಂದ ಮಾಡಲು ಹೋಗಬೇಡಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ತುಂಬಿ.

ಕೋಚ್ ಹೀಗೆ ನಡೆಯುತ್ತದೆ. ವಿಮಾನ ನಿಲ್ದಾಣದ ಕೋಚ್ ಹಾಲಿನಲ್ಲಿ ಟಿಕೆಟ್ ಕೊಂಡಾಗ ಶರ್ಟಿನ ಮೇಲೆ ಬಣ್ಣದ ಸ್ಟಿಕರ್ ಅಂಟಿಸುತ್ತಾರೆ. ಶೆನ್‌ಝೆನ್ ಬೇ ಗಡಿಯಲ್ಲಿ ಎಲ್ಲ ಲಗೇಜ್ ಇಳಿಸಿಕೊಂಡು ಕಟ್ಟಡದೊಳಗೆ ಹೋಗಬೇಕು. ಹಾಂಗ್‌ಕಾಂಗ್ ನಿರ್ಗಮನ, ಚೀನಾ ಪ್ರವೇಶ ಎರಡೂ ಒಂದೇ ಸೂರಿನಡಿ. ಸ್ಥಳೀಯರು ಸ್ವಯಂಚಾಲಿತ ಗೇಟಿನಲ್ಲಿ ನಿಮಿಷದಲ್ಲಿ ದಾಟಿದರೆ, ವಿದೇಶಿಯರು ಬೆರಳಚ್ಚು ಕೊಟ್ಟು ಸಾಲಿನಲ್ಲಿ ನಿಲ್ಲಬೇಕು. ಬಂದ ಬಸ್ಸು ನಿಮಗಾಗಿ ಕಾಯುವುದಿಲ್ಲ, ಗಾಬರಿ ಬೇಡ. ಆಚೆ ಬದಿಯಲ್ಲಿ ಅದೇ ಕಂಪನಿಯ ಸಿಬ್ಬಂದಿ ಸ್ಟಿಕರ್ ನೋಡಿ ಮುಂದಿನ ಬಸ್ಸಿಗೆ ಹತ್ತಿಸುತ್ತಾರೆ. ಆದ್ದರಿಂದ ಸೆಕೆಯೆಂದು ಜಾಕೆಟ್ ಬಿಚ್ಚುವಾಗ ಸ್ಟಿಕರ್ ಅದರ ಜೊತೆ ಚೀಲದೊಳಗೆ ಹೋಗದಿರಲಿ. ಗುವಾಂಗ್‌ಝೌ ನಗರಕ್ಕೆ ಒಟ್ಟು ನಾಲ್ಕು ಗಂಟೆ ಹಿಡಿಯಿರಿ. ಎರಡು ಭಾರದ ಸೂಟ್‌ಕೇಸ್ ಇದ್ದರೆ ಇದು ಶಿಕ್ಷೆ, ಒಂದೇ ಟ್ರಾಲಿಯಾದರೆ ಸಲೀಸು.

ದೋಣಿಯ ಗುಟ್ಟು ಬೇರೆ. ವಿಮಾನ ನಿಲ್ದಾಣದ ದೋಣಿಗಟ್ಟೆ ಸ್ಕೈಪಿಯರ್‌ನಿಂದ ಶೆನ್‌ಝೆನ್‌ನ ಶೆಕೌಗೆ ಹೋಗುವವರು ಹಾಂಗ್‌ಕಾಂಗ್ ಇಮಿಗ್ರೇಷನ್ ದಾಟಲೇಬಾರದು. ಒಳಗಿರುವ ದೋಣಿ ಕೌಂಟರಿನಲ್ಲಿ ಟಿಕೆಟ್ ಮತ್ತು ಬ್ಯಾಗಿನ ಚೀಟಿ ತೋರಿಸಿದರೆ ಬ್ಯಾಗನ್ನು ಅವರೇ ದೋಣಿಗೆ ಸಾಗಿಸುತ್ತಾರೆ. ಅಭ್ಯಾಸಬಲದಿಂದ ಸಾಲಿನಲ್ಲಿ ನಿಂತು ಹೊರಗೆ ಬಂದಿರೋ, ದೋಣಿ ಕೈತಪ್ಪಿತು. ಚಂಡಮಾರುತದ 8ನೇ ಸಂಕೇತ ಏರಿದ ದಿನ ದೋಣಿಗಳು ನಿಲ್ಲುತ್ತವೆ.

ಗುವಾಂಗ್‌ಝೌ ನಗರವೇ ಗುರಿಯಾದರೆ ರೈಲು ಎಲ್ಲಕ್ಕಿಂತ ವೇಗ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ಸಿನಲ್ಲಿ ಕೌಲೂನ್‌ಗೆ 22 ನಿಮಿಷ, ಅಲ್ಲಿಂದ ನಡೆದು ವೆಸ್ಟ್ ಕೌಲೂನ್, ಮುಂದೆ ಗುವಾಂಗ್‌ಝೌ ದಕ್ಷಿಣ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ. ಚೀನಾ ಇಮಿಗ್ರೇಷನ್ ವೆಸ್ಟ್ ಕೌಲೂನ್‌ನಲ್ಲೇ ಮುಗಿಯುವುದರಿಂದ ಒಂದು ಗಂಟೆ ಮೊದಲು ಅಲ್ಲಿರಬೇಕು.

ವೀಸಾ ಒಂದೇ ಪ್ರವೇಶದ್ದಾದರೆ ಇನ್ನೊಂದು ಬಲೆ ಇದೆ. ಶೆನ್‌ಝೆನ್‌ನಿಂದ ಒಂದು ಸಂಜೆ ಹಾಂಗ್‌ಕಾಂಗ್ ಸುತ್ತಿ ಬರೋಣವೆಂದು ಹೋದರೆ ಚೀನಾದಿಂದ ಹೊರಬಿದ್ದಂತೆ, ವೀಸಾ ಮುಗಿಯಿತು. ಹೋಟೆಲಿನಲ್ಲಿ ಬಿಟ್ಟ ಬ್ಯಾಗು ಅಲ್ಲೇ, ನೀವು ಇಲ್ಲೇ. ಎರಡು ಪ್ರವೇಶದ ವೀಸಾ ಕೇಳಿ ಪಡೆಯಿರಿ.

ಯಾವ ದಾರಿಯಾದರೂ ಅನ್ವಯಿಸುವ ಕೆಲವು ಮಾತು. 2025ರ ನವೆಂಬರ್ 20ರಿಂದ ಚೀನಾ ಪ್ರವೇಶದ ಕಾರ್ಡನ್ನು ಆನ್‌ಲೈನಿನಲ್ಲೇ ತುಂಬಬಹುದು. ಪವರ್‌ಬ್ಯಾಂಕ್ ಕ್ಯಾಬಿನ್ ಚೀಲದಲ್ಲೇ ಇರಲಿ, 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, 100ರ ಮಿತಿಯೊಳಗೇ ಬರುತ್ತದೆ. ಆದರೆ ಅದರ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಕಿತ್ತುಕೊಳ್ಳುತ್ತಾರೆ. ಗುವಾಂಗ್‌ಝೌನಿಂದ ಮುಂದೆ ದೇಶೀಯ ವಿಮಾನ ಹತ್ತುವುದಿದ್ದರೆ ಪವರ್‌ಬ್ಯಾಂಕಿನ ಮೇಲೆ ಚೀನಾದ ಸುರಕ್ಷತಾ ಮುದ್ರೆಯಾದ 3ಸಿ ಗುರುತು ಬೇಕು. ಇಲ್ಲಿ ಕೊಂಡವುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಚೀನಾದ ಪಾವತಿ ಆ್ಯಪ್ ಅಲಿಪೇಗೆ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡನ್ನು ಊರಲ್ಲೇ ಜೋಡಿಸಿಡಿ, ಬ್ಯಾಂಕಿನ ಒಟಿಪಿ ಅಲ್ಲಿ ಬರದಿದ್ದರೆ ಪರದಾಟ. 200 ಯುವಾನ್ ಮೀರಿದ ಪಾವತಿಗೆ ಶೇ 3 ಶುಲ್ಕ ಬೀಳುತ್ತದೆ. ಊಟಕ್ಕೆ, ವಿಮಾನದಲ್ಲಿ ಎವಿಎಂಎಲ್ ಎಂದು ಹಾಕಿಸಿದರೆ ನಮ್ಮ ರುಚಿಯ ಸಸ್ಯಾಹಾರ. ವಿಜಿಎಂಎಲ್ ಎಂದರೆ ಬೇಯಿಸಿದ ಸಪ್ಪೆ ತರಕಾರಿ ಬಂದೀತು.

ವಾಪಸು ಬರುವಾಗ ಕೋಲ್ಕತ್ತಾ ದಾರಿಯವರಿಗೆ ಮಾತ್ರ ಒಂದು ಹೆಚ್ಚುವರಿ ಕೆಲಸ: ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಲ್ಲೇ. ಬ್ಯಾಗನ್ನು ಬೆಲ್ಟಿನಿಂದ ಎತ್ತಿ ಕಸ್ಟಮ್ಸ್ ದಾಟಿಸಿ ಮತ್ತೆ ಕೊಡಬೇಕು. ಬೆಂಗಳೂರಿನ ವಿಮಾನಕ್ಕೆ ಮೂರು ಗಂಟೆ ಅಂತರವಿರಲಿ, ಸ್ಯಾಂಪಲ್ ಜಾಸ್ತಿ ಇದ್ದರೆ ಬಿಲ್ಲುಗಳನ್ನು ಕೈಚೀಲದಲ್ಲಿಟ್ಟುಕೊಳ್ಳಿ.