‘ಈ ವರ್ಷ ಬೇಡ’ ಎನ್ನುವ ತಪಾಸಣೆ: ಕಾರವಾರದ ಒಂದು ಮ್ಯಾರಥಾನ್ ಪೂರ್ವ ಪರೀಕ್ಷೆಯ ವಿಮರ್ಶೆ

ಕಾರವಾರದಲ್ಲಿ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಇದ್ದಾರೆ. ಮೊದಲ ಬಾರಿಗೆ ಪೂರ್ಣ ಮ್ಯಾರಥಾನ್ ಓಡಲು ಹೊರಟವರನ್ನು ಪರೀಕ್ಷಿಸಿ, ಈ ವರ್ಷ ಓಡಬಹುದೋ ಬೇಡವೋ ಎಂದು ತೀರ್ಪು ಕೊಡುವುದು ಅವರ ಕೆಲಸ. ಅದಕ್ಕೆ ಶುಲ್ಕವೂ ಉಂಟು. ತರಬೇತಿ ಕೊಡುವವರು ಊರೂರಿಗೆ ಸಿಗುತ್ತಾರೆ, ಆದರೆ ತರಬೇತಿಯನ್ನು ಮಾರದೆ ಬರೀ ತೀರ್ಪು ಕೊಡುವವರನ್ನು ನಾನು ನಮ್ಮ ಜಿಲ್ಲೆಯಲ್ಲಿ ಬೇರೆ ಕಂಡಿಲ್ಲ. ಪ್ರಚಾರ ಬೇಡ ಎಂದಿದ್ದರಿಂದ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೆಳಗಿನ ಜಾವ ಟಾಗೋರ್ ಕಡಲತೀರದಲ್ಲಿ ಓಡುವವರ ಬಳಿ ‘ಮಾಸ್ತರು’ ಎಂದು ಕೇಳಿದರೆ ಸಾಕು, ದಾರಿ ತೋರಿಸುತ್ತಾರೆ.

ನಾನು ಹೋದದ್ದು ಅಕ್ಕನ ಮಗನನ್ನು ಕರೆದುಕೊಂಡು. ಅವನಿಗೆ ಕೈಗಾದಲ್ಲಿ ಪಾಳಿ ಕೆಲಸ. ಓಡಲು ಶುರುಮಾಡಿ ಇನ್ನೂ ಎರಡು ವರ್ಷ ತುಂಬಿಲ್ಲ. ಅರ್ಧ ಮ್ಯಾರಥಾನನ್ನು 2 ಗಂಟೆ 5 ನಿಮಿಷದಲ್ಲಿ ಮುಗಿಸಿದ ಉಮೇದಿನಲ್ಲಿ ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟುಬಿಟ್ಟಿದ್ದ. ಪೂರ್ಣ ಓಟವನ್ನು 4 ಗಂಟೆ 10 ನಿಮಿಷದಲ್ಲಿ ಮುಗಿಸಬಲ್ಲೆ ಎಂದು ಅವನ ಕೈಗಡಿಯಾರವೇ ಹೇಳುತ್ತಿತ್ತು. ಗೆಳೆಯರೂ ‘ಆಗ್ತದೆ, ಓಡಿಬಿಡು’ ಎಂದಿದ್ದರು. ಅಕ್ಕ ಒಬ್ಬಳಿಗೆ ಮಾತ್ರ ಚಿಂತೆ ಹತ್ತಿತ್ತು, ಆ ಚಿಂತೆ ನನ್ನ ಹೆಗಲಿಗೆ ಬಂತು.

ಮೊದಲ ಭೇಟಿಯಲ್ಲಿ ಓಟ ಇಲ್ಲ. ಹಿಂದಿನ ನಾಲ್ಕು ತಿಂಗಳ ಓಟದ ಲೆಕ್ಕವನ್ನು ಮಾಸ್ತರು ಮೊಬೈಲಿನಲ್ಲಿ ನೋಡಲು ಒಪ್ಪುವುದಿಲ್ಲ. ವಾರವಾರದ ಕಿಲೋಮೀಟರುಗಳನ್ನು ಒಂದು ಹಾಳೆಯ ಮೇಲೆ ನಮ್ಮ ಕೈಯಿಂದಲೇ ಬರೆಸುತ್ತಾರೆ. ಅತಿ ಹೆಚ್ಚು ಓಡಿದ ವಾರದ ಬಗ್ಗೆ ಹುಡುಗ ಹೇಳಿಕೊಳ್ಳುತ್ತಿದ್ದರೂ ಅವರು ಅತ್ತ ಲಕ್ಷ್ಯ ಕೊಡದೆ, ರಾತ್ರಿಪಾಳಿಯ ದೆಸೆಯಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಇಳಿದಿದ್ದ ವಾರಗಳ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತ ಹೋದರು. ಸರಾಸರಿ ವಾರಕ್ಕೆ 28 ಕಿಲೋಮೀಟರ್ ಬಂತು. ಆಮೇಲೆ ನಿದ್ರೆ, ಹಳೆಯ ಗಾಯ, ಬೂಟಿನ ವಯಸ್ಸು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿತ್ತೇ ಎಂಬ ವಿಚಾರಣೆ. ನಲವತ್ತು ದಾಟಿದವರನ್ನೂ, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರನ್ನೂ ವೈದ್ಯರಿಗೆ ತೋರಿಸಿಕೊಂಡು ಬರುವವರೆಗೆ ಅವರು ಓಡಿಸುವುದೇ ಇಲ್ಲ.

ಗಡಿಯಾರ ಹೇಳಿದ ಹೊತ್ತನ್ನು ಅವರು ತಳ್ಳಿಹಾಕಿದ ರೀತಿ ನನಗೆ ಹಿಡಿಸಿತು, ಏಕೆಂದರೆ ಅದರ ಹಿಂದೆ ಲೆಕ್ಕವಿತ್ತು. ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯವನ್ನು ಅಂದಾಜು ಮಾಡಲು ಅಮೆರಿಕದ ಇಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಕೊಟ್ಟ ಸೂತ್ರವೊಂದಿದೆ. ಅದರ ಪ್ರಕಾರ ದೂರ ಇಮ್ಮಡಿಯಾದರೆ ಸಮಯ ಸುಮಾರು 2.085 ಪಟ್ಟಾಗುತ್ತದೆ, ಅಂದರೆ ನಮ್ಮ ಹುಡುಗನಿಗೆ 4 ಗಂಟೆ 21 ನಿಮಿಷ. ಅರ್ಧ ಮ್ಯಾರಥಾನ್ ತನಕ ಈ ಸೂತ್ರ ಚೆನ್ನಾಗಿಯೇ ಹೊಂದುತ್ತದೆ. ಆದರೆ ಪೂರ್ಣ ಮ್ಯಾರಥಾನ್ ವಿಷಯದಲ್ಲಿ ಅದು ಅರ್ಧದಷ್ಟು ಹವ್ಯಾಸಿ ಓಟಗಾರರಿಗೆ ಕನಿಷ್ಠ 10 ನಿಮಿಷದಷ್ಟು ಬೇಗನೆಯ ಸಮಯವನ್ನು ತೋರಿಸುತ್ತದೆ ಎಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡಿತು. ವಾರಕ್ಕೆ ಇಷ್ಟು ಕಡಿಮೆ ಓಡುವವನ ಮಟ್ಟಿಗೆ ಸೂತ್ರದ ಸಮಯವೇ ಆಸೆಯ ಮಾತು, ಅದಕ್ಕಿಂತಲೂ ಬೇಗ ಎನ್ನುವ ಗಡಿಯಾರವನ್ನು ನಂಬುವುದು ಹೇಗೆ ಎಂಬುದು ಮಾಸ್ತರ ಪ್ರಶ್ನೆಯಾಗಿತ್ತು.

ನಿಜವಾದ ಪರೀಕ್ಷೆ ಎರಡನೆಯ ಭೇಟಿಯಲ್ಲಿ, ಬೆಳಿಗ್ಗೆ ಐದಕ್ಕೆ. ಒಟ್ಟು 26 ಕಿಲೋಮೀಟರ್. ಹೆದ್ದಾರಿಯ ಲಾರಿಗಳ ಕಾಟವಿಲ್ಲದಂತೆ ಕಡಲತೀರದ ಬದಿಯಲ್ಲೂ ಕೋಡಿಬಾಗದ ಕಡೆಯ ಒಳರಸ್ತೆಗಳಲ್ಲೂ ಸುತ್ತು ಹಾಕಿಸುತ್ತಾರೆ; ತಾವು ಸೈಕಲ್ಲಿನಲ್ಲಿ ಜೊತೆಗಿರುತ್ತಾರೆ. ಮೊದಲ 18 ಕಿಲೋಮೀಟರನ್ನು, ಕೇಳಿದ್ದಕ್ಕೆಲ್ಲ ಏದುಸಿರಿಲ್ಲದೆ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳುವಷ್ಟು ನಿಧಾನಕ್ಕೆ ಓಡಬೇಕು. ಉಳಿದ 8 ಕಿಲೋಮೀಟರನ್ನು ಮುಂಬೈಯಲ್ಲಿ ಓಡಬೇಕೆಂದಿರುವ ವೇಗದಲ್ಲಿ, ಅಂದರೆ ಇವನ ಪಾಲಿಗೆ ಕಿಲೋಮೀಟರಿಗೆ ಆರೂಕಾಲು ನಿಮಿಷದಲ್ಲಿ ಮುಗಿಸಬೇಕು. ನಾನು ಸ್ಕೂಟರಿನಲ್ಲಿ ಹಿಂದೆ ಇದ್ದೆ. ವೇಗ ಹೆಚ್ಚಿಸಿದ ಮೊದಲ ಮೂರು ಕಿಲೋಮೀಟರು ಹುಡುಗ ಚೆನ್ನಾಗಿಯೇ ಎಳೆದ. ಅಲ್ಲಿಂದ ಮುಂದೆ ಎಡ ಭುಜ ಕೆಳಗಿಳಿಯಿತು, ಹೆಜ್ಜೆಯ ಸದ್ದು ಜೋರಾಯಿತು, ಪಾದ ಊರುವಾಗ ಟಪಟಪ ಎನ್ನುವುದು ನನಗೂ ಕೇಳಿಸುತ್ತಿತ್ತು. ಕೊನೆಯ ಕಿಲೋಮೀಟರಿಗೆ ಏಳು ನಿಮಿಷಕ್ಕೂ ಮೇಲೆ ಹಿಡಿಯಿತು. ವೇಗ ಇಳಿಯುತ್ತಿದ್ದರೂ ಎದೆಬಡಿತ ಮಾತ್ರ ಏರುತ್ತಲೇ ಇತ್ತು. ಹೀಗಾಗುವುದರಲ್ಲಿ ಕರಾವಳಿಯ ಹವೆಯ ಪಾಲೂ ಇದೆ. ಅಕ್ಟೋಬರಿನ ನಮ್ಮ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಆಗ ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸುವ ಹೊರೆ ಹೃದಯದ ಮೇಲೆ ಬೀಳುತ್ತದೆ.

ಓಟದ ಮೊದಲೂ ನಂತರವೂ ತೂಕ ನೋಡುತ್ತಾರೆ. 64.2 ಕಿಲೋ ಇದ್ದವನು 62.1ಕ್ಕೆ ಇಳಿದಿದ್ದ; ನಡುವೆ ಕುಡಿದ 900 ಮಿಲಿಲೀಟರ್ ನೀರನ್ನೂ ಸೇರಿಸಿದರೆ ಮೂರು ಗಂಟೆಯಲ್ಲಿ ಮೂರು ಲೀಟರ್ ಬೆವರು. ದೇಹದ ತೂಕದಲ್ಲಿ ಶೇಕಡಾ 3ಕ್ಕಿಂತ ಹೆಚ್ಚು ಇಳಿಯುವುದು ಒಳ್ಳೆಯದಲ್ಲ ಎಂದವರು, ಅದೇ ಉಸಿರಿಗೆ, ಹೆದರಿ ಲೀಟರುಗಟ್ಟಲೆ ನೀರು ಕುಡಿದು ತೂಕ ಏರಿಸಿಕೊಂಡರೆ ರಕ್ತದಲ್ಲಿ ಸೋಡಿಯಂ ಕುಸಿದು ಅದಕ್ಕಿಂತ ದೊಡ್ಡ ಅಪಾಯ ಎಂದೂ ಎಚ್ಚರಿಸಿದರು. ನಿಧಾನಕ್ಕೆ ಓಡುವ ಹೊಸಬರೇ ಈ ಅಪಾಯಕ್ಕೆ ಹೆಚ್ಚಾಗಿ ಸಿಲುಕುವುದರಿಂದ ಈ ಎರಡನೆಯ ಮಾತನ್ನು ಹೇಳುವುದು ಅಗತ್ಯ, ಬಹಳ ಜನ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಬರಬೇಕು. ಇದೇಕೆ ಎಂದು ನನಗೆ ಅರ್ಥವಾಗಿರಲಿಲ್ಲ. ಅವರ ಮನೆಯ ಮುಂದೆ ಚಿರೆಕಲ್ಲಿನ ಮೆಟ್ಟಿಲುಗಳಿವೆ; ಅವನ್ನು ಹತ್ತಿ, ಕೈ ಎಲ್ಲೂ ಊರದೆ ಇಳಿಯಬೇಕು, ಅಷ್ಟೇ. ಹುಡುಗ ಅಡ್ಡಡ್ಡ ತಿರುಗಿಕೊಂಡು, ಹಲ್ಲು ಕಚ್ಚಿ ಇಳಿದ. ಮಾಸ್ತರು ಹೇಳಿದ್ದು ಇಷ್ಟು: ‘ನಿನ್ನ ಉಸಿರು ತಯಾರಾಗಿದೆ ಮಾರಾಯ, ಕಾಲು ಆಗಲಿಲ್ಲ.’ ಹೃದಯ ಮತ್ತು ಶ್ವಾಸಕೋಶ ಕೆಲವೇ ತಿಂಗಳಲ್ಲಿ ಪಳಗುತ್ತವೆ, ಸ್ನಾಯುರಜ್ಜು ಮತ್ತು ಮೂಳೆ ಅದಕ್ಕಿಂತ ಬಹಳ ನಿಧಾನ. ಅರ್ಧ ಮ್ಯಾರಥಾನಿನ ಸಮಯ ಚೆನ್ನಾಗಿರುವ ಹೊಸಬರು ಮೋಸಹೋಗುವುದು ಈ ಅಂತರದಲ್ಲೇ.

ತೀರ್ಪು ಒಂದು ಹಾಳೆಯಷ್ಟು. ಒಂದು ಕಿಲೋ ತೂಕವನ್ನು ಒಂದು ಕಿಲೋಮೀಟರು ಒಯ್ಯಲು ಸುಮಾರು ಒಂದು ಕಿಲೋಕ್ಯಾಲೊರಿ ಎಂಬ ಅಂದಾಜಿನಲ್ಲಿ, 64 ಕಿಲೋದ ಹುಡುಗನಿಗೆ 42.195 ಕಿಲೋಮೀಟರಿಗೆ 2,700 ಬೇಕು; ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವುದು ಹೆಚ್ಚುಕಡಿಮೆ 2,000. ಕೊಬ್ಬೂ ಉರಿಯುತ್ತದೆ ನಿಜ, ಆದರೆ ವೇಗ ಏರಿದಂತೆ ಅದರ ಪಾಲು ಇಳಿಯುತ್ತದೆ. ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಎಷ್ಟೋ ಜನ ಕುಸಿಯುವುದಕ್ಕೆ ಕಾರಣ ಇದು. ಇಪ್ಪತ್ತೊಂದನೆಯ ಕಿಲೋಮೀಟರಿನಲ್ಲೇ ಹೆಜ್ಜೆ ಕೆಟ್ಟವನಿಗೆ ಅಲ್ಲಿ ಏನಾದೀತು ಎಂದು ಬೇರೆ ಹೇಳಬೇಕಿರಲಿಲ್ಲ. ಆದರೂ ಅವರು ಬಾಗಿಲು ಮುಚ್ಚಲಿಲ್ಲ: ಆರು ವಾರ ಬಿಡದೆ 45ರಿಂದ 50 ಕಿಲೋಮೀಟರ್ ಓಡಿ, ಅದರಲ್ಲಿ 28ಕ್ಕೆ ಮೇಲ್ಪಟ್ಟ ಎರಡು ಓಟಗಳನ್ನು ಮುಗಿಸಿ, ಡಿಸೆಂಬರ್ ಮೊದಲ ವಾರ ಬಂದರೆ ಇನ್ನೊಮ್ಮೆ ನೋಡುವುದಾಗಿ ಬರೆದುಕೊಟ್ಟರು, ಅದಕ್ಕೆ ಬೇರೆ ಶುಲ್ಕವಿಲ್ಲ. ರಾತ್ರಿಪಾಳಿ ಅವನನ್ನು ಬಿಡಲಿಲ್ಲ. ಡಿಸೆಂಬರಿನಲ್ಲಿ ಹಾಳೆ ತೆರೆದಾಗ ಮತ್ತೆ ಅದೇ ಕೆಂಪು ಗೆರೆಗಳು, ಅದೇ ತೀರ್ಪು. ಕಟ್ಟಿದ ಪ್ರವೇಶ ಶುಲ್ಕ ಹೋಯಿತು, ಕೆಲವು ದಿನ ನನ್ನೊಡನೆ ಮಾತೂ ನಿಂತಿತ್ತು. ಆದರೂ ಮಾಸ್ತರು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಕೊರತೆಗಳಿಲ್ಲವೆಂದಲ್ಲ. ಆಹಾರದ ವಿಷಯದಲ್ಲಿ ಈ ತಪಾಸಣೆ ತೀರಾ ತೆಳು. ‘ಬಾಳೆಹಣ್ಣು ತಿನ್ನು, ಬೆಲ್ಲ ಇಟ್ಟುಕೋ’ ಎಂದರೆ ಸಾಲದು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಹೋಗಬೇಕೆಂಬುದು ಸಾಮಾನ್ಯ ಸಲಹೆ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಇರುವುದು ಸುಮಾರು 25 ಗ್ರಾಂ. ಓಡುತ್ತಲೇ ಇದನ್ನು ತಿಂದು ಹೊಟ್ಟೆ ಕೆಡದಂತೆ ಅಭ್ಯಾಸ ಮಾಡಿಕೊಂಡಿದ್ದಾರೆಯೇ ಎಂಬುದೂ ಸಿದ್ಧತೆಯ ಭಾಗವೇ, ಅದನ್ನು 26 ಕಿಲೋಮೀಟರಿನ ಓಟದಲ್ಲೇ ಪರೀಕ್ಷಿಸಬಹುದಿತ್ತು. ದಾರಿಯೂ ಪೂರ್ತಿ ಸಮತಟ್ಟು. ಮುಂಬೈಯಲ್ಲಿ ಓಟದ ಕೊನೆಯ ಭಾಗದಲ್ಲಿ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ; ಬೈತಖೋಲ ಬಂದರಿನಾಚೆಗೆ ಬಿಣಗಾ ಘಟ್ಟದ ಏರು ಇಷ್ಟು ಹತ್ತಿರದಲ್ಲಿರುವಾಗ ಒಮ್ಮೆಯಾದರೂ ಅತ್ತ ಓಡಿಸಿದ್ದರೆ ಚೆನ್ನಾಗಿತ್ತು. ಮಹಿಳೆಯರ ವಿಷಯದಲ್ಲಂತೂ ದೊಡ್ಡ ಲೋಪವಿದೆ. ಹಿಮೋಗ್ಲೋಬಿನ್ ಎಷ್ಟಿದೆ, ಮುಟ್ಟು ಕ್ರಮವಾಗಿದೆಯೇ ಎಂಬ ಪ್ರಶ್ನೆಗಳು ಅವರ ಪಟ್ಟಿಯಲ್ಲಿಲ್ಲ. ಸಂಕೋಚವೇ ಕಾರಣವಿರಬಹುದು, ಆದರೆ ಕಬ್ಬಿಣಾಂಶದ ಕೊರತೆಯಿಂದ ಸುಸ್ತಾಗುವ ಓಟಗಾರ್ತಿಗೆ ‘ಇನ್ನಷ್ಟು ಓಡು’ ಎಂದು ಹೇಳಿ ಕಳಿಸಿದರೆ ತೀರ್ಪೇ ತಪ್ಪಾಗುತ್ತದೆ. ಒಬ್ಬ ಮಹಿಳಾ ಸಹಾಯಕಿಯನ್ನು ಇಟ್ಟುಕೊಂಡರೆ ಇದು ಸರಿಹೋಗುತ್ತದೆ. ಕೈಬರಹವನ್ನು ಓದಲು ಔಷಧದಂಗಡಿಯವರೇ ಬೇಕು ಎಂಬುದು ಸಣ್ಣ ತಕರಾರು.

ಶಿರಸಿ, ಸಿದ್ದಾಪುರ ಕಡೆಯಿಂದ ಘಟ್ಟ ಇಳಿದು ಬರುವವರಿಗೆ ಒಂದು ಮಾತು. ಅಲ್ಲಿಯ ತಂಪಿನಲ್ಲಿ ಓಡಿ ರೂಢಿಯಾದ ಮೈ ಕರಾವಳಿಯ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ, ಹಿಂದಿನ ರಾತ್ರಿ ಬಂದು ಮರುದಿನ ಓಡಿದರೆ ಎದೆಬಡಿತದ ಅಂಕಿಗಳು ಇದ್ದುದಕ್ಕಿಂತ ಕೆಟ್ಟದಾಗಿ ಕಾಣುತ್ತವೆ. ಮಾಸ್ತರು ಇದಕ್ಕೆ ರಿಯಾಯಿತಿ ಕೊಡುವುದಿಲ್ಲ. ಕೇಳಿದರೆ ಮುಂಬೈಯಲ್ಲೂ ಸಮುದ್ರವಿದೆ ಎನ್ನುತ್ತಾರೆ.

ಮೂರು ಭೇಟಿಗೂ ಸೇರಿ ಶುಲ್ಕ ಒಂದೂವರೆ ಸಾವಿರ ರೂಪಾಯಿ, ಒಂದು ಜೊತೆ ಓಟದ ಬೂಟಿನ ಬೆಲೆಗಿಂತ ಕಡಿಮೆ. ಎರಡು ಮೂರು ಮ್ಯಾರಥಾನ್ ಮುಗಿಸಿದವರಿಗೆ ಇದರಿಂದ ಹೊಸದೇನೂ ಸಿಗುವುದಿಲ್ಲ. ಹೊಸಬರು ಹೋಗುವುದಾದರೆ ಓಟಕ್ಕೆ ಹೆಸರು ಕೊಡುವ ಮೊದಲೇ ಹೋಗುವುದು ಒಳ್ಳೆಯದು. ಅದಾಗದಿದ್ದರೆ, ಜನವರಿಯ ಓಟಕ್ಕೆ ಕಡೇಪಕ್ಷ ಸೆಪ್ಟೆಂಬರ್ ಕೊನೆಯೊಳಗೆ ಹೋಗಬೇಕು. ಓಟಕ್ಕೆ ಮೊದಲಿನ ಎರಡು ಮೂರು ವಾರ ಹೇಗೂ ಓಟವನ್ನು ತಗ್ಗಿಸುವ ಕಾಲವಾದ್ದರಿಂದ, ಡಿಸೆಂಬರಿನಲ್ಲಿ ಮೊದಲ ಸಲ ಹೋದವರಿಗೆ ತೀರ್ಪು ಸಿಕ್ಕೀತೇ ಹೊರತು ತಿದ್ದಿಕೊಳ್ಳಲು ಸಮಯ ಉಳಿಯುವುದಿಲ್ಲ.