ನಾಲ್ಕು ಸಾಕೆಟ್ ಇದ್ದ ಮಾತ್ರಕ್ಕೆ ನಾಲ್ಕು ಲೈನ್ ಅಲ್ಲ: ಹಳೆಯ ಲೈಟಿಂಗ್ ಕನ್ಸೋಲ್ ಕೊಳ್ಳುವವರು ಓದಿ

ಬೆಳಗಾವಿಯಲ್ಲಿ ಹಳೆಯ ಲೈಟಿಂಗ್ ಕನ್ಸೋಲ್, ಅಂದರೆ ವೇದಿಕೆಯ ಲೈಟುಗಳನ್ನು ನಡೆಸುವ ಬೋರ್ಡ್, ಕೊಳ್ಳಲು ಹೊರಟಿರುವವರು ಯಾರಾದರೂ ಇದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಓದಿ. ಗಣೇಶ ಹಬ್ಬ ಹತ್ತಿರವಾದಂತೆ ಈ ಮಾಲಿಗೆ ಬೇಡಿಕೆ ಏರುತ್ತದೆ, ಕೊಳ್ಳುವವರ ಅವಸರವೂ ಏರುತ್ತದೆ. ನಾನು ಜಾತ್ರೆಗಳ ಸೀಸನ್‌ನಲ್ಲಿ ಅಂಥದ್ದೇ ಅವಸರಕ್ಕೆ ಬಿದ್ದು 1,35,000 ರೂಪಾಯಿ ಕಳೆದುಕೊಂಡೆ. ಕಳೆದುಕೊಂಡೆ ಎನ್ನುವುದೂ ತಪ್ಪು, ನನ್ನ ಕೈಯಿಂದಲೇ ಎಣಿಸಿ ಕೊಟ್ಟು ಬಂದೆ. ಬನಶಂಕರಿ ಜಾತ್ರೆಯ ನಾಟಕದ ಟೆಂಟುಗಳಲ್ಲಿ ಡಿಮ್ಮರ್ ಹಿಡಿಕೆ ತಿರುಗಿಸುತ್ತ ಈ ಕೆಲಸ ಕಲಿತು, 14 ವರ್ಷಗಳಿಂದ ಬಾಗಲಕೋಟೆಯಲ್ಲಿ ಇದರಿಂದಲೇ ಹೊಟ್ಟೆ ಹೊರೆಯುತ್ತಿರುವವನು ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನನಗೆ ಬೋರ್ಡ್ ಮಾರಿದ ಅಂಗಡಿಯವರು ಅದನ್ನು ಇಂಗ್ಲೆಂಡಿನ ಅವೊಲೈಟ್ಸ್ ಕಂಪನಿಯ ಪರ್ಲ್ ಎಂದರು. ಎ, ಬಿ, ಸಿ, ಡಿ ಎಂದು ನಾಲ್ಕು ಡಿಎಂಎಕ್ಸ್ ಔಟ್‌ಪುಟ್ (ಬೋರ್ಡಿನಿಂದ ಲೈಟುಗಳಿಗೆ ಆಜ್ಞೆ ಒಯ್ಯುವ ಲೈನಿನ ಬಾಯಿ), ಒಟ್ಟು 2048 ಚಾನೆಲ್ (ಲೈಟಿನ ಬಣ್ಣ, ಚಲನೆಯಂಥ ಒಂದೊಂದು ಗುಣಕ್ಕೆ ಒಂದೊಂದು) ಎಂದರು. ಅಸಲಿ ‘ಪರ್ಲ್ 2010’ ಮಾದರಿಯಲ್ಲಿ ಅಷ್ಟು ಇರುವುದು ನಿಜ. ಅದರ ನಕಲುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ ಎಂಬುದೂ ನನಗೆ ಗೊತ್ತಿತ್ತು. ನಕಲು ಎಂದು ಹೇಳಿ ನಕಲಿನ ಬೆಲೆಗೆ ಮಾರಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ನಮ್ಮ ಕಡೆ ಬೀಮ್ ಲೈಟಿಗೆಲ್ಲ ಶಾರ್ಪಿ ಎಂದೇ ಹೆಸರು, ಆದರೆ ಅಸಲಿ ಶಾರ್ಪಿ ಇಟಲಿಯ ಕ್ಲೇ ಪಾಕಿ ಕಂಪನಿಯದು, ನನ್ನ ಬಳಿ ಇರುವ 20ರಲ್ಲಿ ಒಂದೂ ಅಲ್ಲಿಂದ ಬಂದಿಲ್ಲ. ಹಾಗಾಗಿ ನಾನೇನೂ ಮಡಿವಂತನಲ್ಲ. ನನಗೆ ಬೇಕಾಗಿದ್ದುದು ಎರಡು ಪ್ರತ್ಯೇಕ ಲೈನ್ ಮಾತ್ರ.

ಎರಡು ಲೈನ್ ಏಕೆ ಬೇಕಿತ್ತು ಎಂಬುದು ಈ ಕೆಲಸದವರಿಗೆ ಹೇಳದೆಯೇ ತಿಳಿಯುತ್ತದೆ. ನನ್ನ ಶಾರ್ಪಿಗಳು 16 ಚಾನೆಲ್‌ನವು, 20ಕ್ಕೆ 320 ಆಯಿತು. ಎಲ್ಇಡಿ ಪಾರ್‌ಗಳು, ಅಂದರೆ ಬಣ್ಣ ಹರಡುವ ತಿರುಗದ ಲೈಟುಗಳು, 8 ಚಾನೆಲ್‌ನವು, 32ಕ್ಕೆ 256 ಆಯಿತು. ಕೂಡಿದರೆ 576. ಒಂದು ಡಿಎಂಎಕ್ಸ್ ಲೈನಿನಲ್ಲಿ ಹೋಗುವುದು 512 ಮಾತ್ರ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಈ ಪದ್ಧತಿ ರೂಪಿಸಿದಾಗಿನಿಂದ ಅದರ ಹೆಸರೇ ಡಿಎಂಎಕ್ಸ್ 512. ಹೀಗಾಗಿ ಪಾರ್‌ಗಳನ್ನು ಎ ಲೈನಿಗೆ, ಶಾರ್ಪಿಗಳನ್ನು ಬಿ ಲೈನಿಗೆ ಹಾಕಿ, ಎರಡನ್ನೂ 1ನೇ ಅಡ್ರೆಸ್‌ನಿಂದ, ಅಂದರೆ ಲೈನಿನ 1ನೇ ಚಾನೆಲ್‌ನಿಂದ, ಆರಂಭಿಸುವುದು ನನ್ನ ಲೆಕ್ಕಾಚಾರವಾಗಿತ್ತು.

ಈಗ ನಾನು ಮೂರ್ಖನಾದ ಗಳಿಗೆಗೆ ಬರುತ್ತೇನೆ. ಅಂಗಡಿಯಲ್ಲಿ ಶಾರ್ಪಿಯಂಥ ನಾಲ್ಕು ಹೆಡ್‌ಗಳನ್ನು (ತಿರುಗುವ ಲೈಟುಗಳನ್ನು) ಕಟ್ಟಿ ಎ ಔಟ್‌ಪುಟ್‌ನಲ್ಲಿ ಓಡಿಸಿ ತೋರಿಸಿದರು. ಪ್ಯಾನ್, ಟಿಲ್ಟ್, ಗೋಬೊ, ಪ್ರಿಸಮ್ ಎಲ್ಲವೂ ಸರಿಯಾಗಿತ್ತು. ನಾನು ಬಹಳ ಜಾಣನಂತೆ, "ಬಿ ಲೈನ್ ತೋರಸ್ರಿ, ಸಾಹೇಬ್ರ" ಎಂದೆ. ಅವರು ನಗುತ್ತ ಕೇಬಲನ್ನು ಎ ಸಾಕೆಟ್‌ನಿಂದ ಕಿತ್ತು ಬಿ ಸಾಕೆಟ್‌ಗೆ ಚುಚ್ಚಿದರು. ಅದೇ ನಾಲ್ಕು ಹೆಡ್‌ಗಳು ಅದೇ ರೀತಿ ಕುಣಿದವು. ಸಿ, ಡಿಗಳಲ್ಲಿಯೂ ಕುಣಿದವು. ಆ ಹೆಡ್‌ಗಳನ್ನು ಎ ಲೈನಿಗೆ ಪ್ಯಾಚ್ ಮಾಡಿದ್ದರು (ಯಾವ ಲೈಟು ಯಾವ ಲೈನಿನಲ್ಲಿದೆ ಎಂದು ಬೋರ್ಡಿಗೆ ತಿಳಿಸುವುದೇ ಪ್ಯಾಚ್), ಬಿ ಲೈನಿಗೆ ಅಲ್ಲ. ಪ್ಯಾಚ್ ಬದಲಿಸದೆ ಕೇಬಲ್ ಮಾತ್ರ ಬದಲಿಸಿದರೆ, ನಿಜವಾದ ನಾಲ್ಕು ಲೈನಿನ ಬೋರ್ಡಿನಲ್ಲಿ ಆ ಹೆಡ್‌ಗಳು ಮಿಸುಕಬಾರದು! ಅವು ಕುಣಿದದ್ದೇ ಮೋಸಕ್ಕೆ ಸಾಕ್ಷಿಯಾಗಿತ್ತು, ನಾನು ಅದನ್ನೇ ಬೋರ್ಡ್ ಸರಿಯಿರುವುದಕ್ಕೆ ಸಾಕ್ಷಿ ಎಂದುಕೊಂಡೆ. ನನ್ನ ಕಣ್ಣೆದುರೇ, ನಾನೇ ಕೇಳಿ ಮಾಡಿಸಿದ ಪರೀಕ್ಷೆಯಲ್ಲಿ. ಈ ಸಾಲನ್ನು ಬರೆಯುವಾಗಲೂ ಮೈಯೆಲ್ಲ ಉರಿಯುತ್ತದೆ.

20,000 ಫೋನಿನಲ್ಲಿ ಹಾಕಿ, ಉಳಿದದ್ದನ್ನು ನಗದಾಗಿ ಕೊಟ್ಟೆ. ಒಂದು ಚೀಟಿಯಲ್ಲಿ "ಹಳೇ ಲೈಟ್ ಬೋರ್ಡ್, 1 ನಗ" ಎಂದು ಬರೆದುಕೊಟ್ಟರು. ಕ್ರಮಸಂಖ್ಯೆ ಇಲ್ಲ, ಮಾದರಿಯ ಹೆಸರಿಲ್ಲ. ಅದನ್ನೂ ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದೆ.

ವಾರದ ನಂತರ ಜಮಖಂಡಿ ತಾಲ್ಲೂಕಿನ ಒಂದು ಊರಿನ ಜಾತ್ರೆಯಲ್ಲಿ ರಸಮಂಜರಿ ಕಾರ್ಯಕ್ರಮವಿತ್ತು. ಗಾಡಿ ತಡವಾಗಿ ಬಂದಿತು, ಜನರೇಟರ್ ಇನ್ನೂ ತಡ. ಪಾರ್‌ಗಳನ್ನಷ್ಟೇ ಪರೀಕ್ಷಿಸಿದೆವು, ಸರಿಯಾಗಿದ್ದವು. ಶಾರ್ಪಿಗಳಿಗೆ ಕರೆಂಟ್ ಸಿಕ್ಕಿದ್ದು ಜನ ಕುಳಿತ ಮೇಲೆ. ಗಣೇಶಸ್ತುತಿಗೆಂದು ಪಾರ್‌ಗಳಿಗೆ ಮೆಲ್ಲನೆ ಹಳದಿ ಏರಿಸಿದರೆ, ಟ್ರಸ್ ಎಂಬ ಚೌಕಟ್ಟಿನಲ್ಲಿದ್ದ 20 ಹೆಡ್‌ಗಳಲ್ಲಿ 16 ಒಂದೇ ಸಮನೆ ಎದ್ದು ಜನರ ಮುಖಕ್ಕೆ ತಿರುಗಿದವು. ನನ್ನ ಜೊತೆಗಿರುವ ಹುಡುಗ, "ಕಾಕಾ, ಹೆಡ್ ನೀವ ಬಿಟ್ಟೀರೇನ್ರಿ?" ಎಂದು ಕೂಗಿದ. ನಾನು ಹೆಡ್‌ಗಳ ಫೇಡರ್ ಮುಟ್ಟಿಯೇ ಇರಲಿಲ್ಲ. ಹೆಡ್‌ಗಳನ್ನು ಕೆಳಗಿಳಿಸಲು ಹೋದರೆ ಪಾರ್‌ಗಳು ನೀಲಿಗೆ ಹಾರಿ ಮಿಣುಕತೊಡಗಿದವು. ಒಂದು ಹೆಡ್ಡಿನ 16 ಚಾನೆಲ್ ಎರಡು ಪಾರ್‌ಗಳ ಮೇಲೆ ಕರಾರುವಾಕ್ಕಾಗಿ ಕೂತಿದ್ದನ್ನು ಕಂಡಾಗ ನನಗೆ ಅರ್ಥವಾಯಿತು: ಎ ಮತ್ತು ಬಿ ಬೇರೆಬೇರೆ ಅಲ್ಲವೇ ಅಲ್ಲ.

ಗಾಯಕರು ಎರಡು ಹಾಡುಗಳನ್ನು ಬರಿಯ ಹ್ಯಾಲೊಜನ್ ಬೆಳಕಿನಲ್ಲಿ ಹಾಡಿದರು. ಅಷ್ಟರಲ್ಲಿ ಹುಡುಗರು ಏಣಿ ಹತ್ತಿ, 32 ಪಾರ್‌ಗಳ ಅಡ್ರೆಸ್‌ಗಳನ್ನು 321ರಿಂದ ಮುಂದಕ್ಕೆ, ಎರಡೆರಡು ಪಾರ್‌ಗಳಿಗೆ ಒಂದೇ ಅಡ್ರೆಸ್‌ನಂತೆ ಬದಲಿಸಿದರು. ಎಲ್ಲವೂ 448ರೊಳಗೆ ಹಿಡಿದವು. ಕಾರ್ಯಕ್ರಮ ಹೇಗೋ ಮುಗಿಯಿತು, ಕಮಿಟಿಯವರು 8,000 ಹಿಡಿದುಕೊಂಡರು. ಅವರ ತಪ್ಪೇನೂ ಇಲ್ಲ.

ಮರುದಿನ ಫೋನ್ ಮಾಡಿದೆ. ಮೊದಲ ಉತ್ತರ: "ಕೇಬಲ್ ಚೆಕ್ ಮಾಡ್ರಿ, ಅಣ್ಣಾರ." ಕೇಬಲ್ ಸರಿಯಿದೆ ಎಂದೆ. "ಟರ್ಮಿನೇಟರ್ ಹಾಕಿರಿಲ್ಲೋ?" ಹಾಕಿದ್ದೆ, ಎರಡೂ ಲೈನಿನ ತುದಿಗೆ, ಸಿಗ್ನಲ್ ಹಿಂದಿರುಗದಂತೆ ತಡೆಯುವ 120 ಓಮ್‌ನದು. ಅಷ್ಟಕ್ಕೂ ಟರ್ಮಿನೇಟರ್ ಇಲ್ಲದಿದ್ದರೆ ಲೈಟು ಮಿಣುಕಬಹುದೇ ಹೊರತು ಒಂದು ಲೈನಿನ ಮಾಹಿತಿ ಇನ್ನೊಂದಕ್ಕೆ ಹಾರುವುದಿಲ್ಲ. ಆಮೇಲೆ, "ಪ್ಯಾಚ್ ಮಾಡಾಕ ಬರಲಾರದವ್ರು ದೊಡ್ಡ ಬೋರ್ಡ್ ಯಾಕ ತಗೋಬೇಕ್ರಿ?" ಎಂದರು. ಇದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ನಮ್ಮೂರಿನ ರಿಪೇರಿಯವರಿಂದ ಬೋರ್ಡ್ ಬಿಚ್ಚಿಸಿದೆ. ನಾಲ್ಕು ಸಾಕೆಟ್‌ಗಳ ಹಿಂದೆ ನಾಲ್ಕು ಚಿಪ್‌ಗಳೇನೋ ಇದ್ದವು, ಆದರೆ ನಾಲ್ಕಕ್ಕೂ ಪ್ರೊಸೆಸರ್‌ನಿಂದ ಬರುತ್ತಿದ್ದುದು ಒಂದೇ ಗೆರೆ. ಎಂದರೆ ಇದು 512 ಚಾನೆಲ್‌ನ ಬೋರ್ಡು, ಹೊಟ್ಟೆಯೊಳಗೆ ಒಂದೇ ಸಿಗ್ನಲನ್ನು ನಾಲ್ಕು ಕಡೆ ಹಂಚುವ ಸ್ಪ್ಲಿಟರ್. ಫೋಟೊ ತೆಗೆದು ಕಳುಹಿಸಿದೆ. ಎರಡು ದಿನ ನೋಡಿಯೂ ಸುಮ್ಮನಿದ್ದು ಕೊನೆಗೆ ಕೊಟ್ಟ ಉತ್ತರ ಇದು: "ನಾಲ್ಕೂ ಬ್ಯಾರೆ ಬ್ಯಾರೆ ಅಂತ ನಾವ್ ಹೇಳಿದ್ವೇನ್ರಿ? ನಾಲ್ಕ್ ಔಟ್‌ಪುಟ್ ಅಂತ ಹೇಳಿದ್ವಿ. ನಾಲ್ಕೂ ನಡೀತಾವಲ್ರಿ!" 2048 ಎಂದದ್ದು ಏನಾಯಿತು ಎಂದು ಕೇಳಿದೆ. "ಅದು ಸ್ಕ್ರೀನ್ ಮ್ಯಾಲೆ ತೋರಸ್ತೈತ್ರಿ." ತೋರಿಸುತ್ತದೆ, ಹೌದು. ಬಿಚ್ಚಿದ ಮಾಲು ವಾಪಸ್ಸು ಇಲ್ಲ ಎಂಬುದು ಕೊನೆಯ ಮಾತು, ಅಲ್ಲಿಂದ ಫೋನ್ ಎತ್ತಿಲ್ಲ.

ಪರಿಚಯದ ವಕೀಲರೊಬ್ಬರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದಿದ್ದಾರೆ. ವ್ಯಾಪಾರಕ್ಕೆ ಕೊಂಡ ಮಾಲಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸದಿದ್ದರೂ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಕ್ಕೆ 2019ರ ಕಾಯ್ದೆಯಲ್ಲಿ ವಿನಾಯಿತಿ ಇದೆಯಂತೆ, ಎರಡು ವರ್ಷದೊಳಗೆ ದೂರು ಕೊಡಬೇಕಂತೆ. ದೂರು ಕೊಡುತ್ತೇನೆ. ಆದರೆ "1 ನಗ" ಎಂಬ ಆ ಚೀಟಿ ಹಿಡಿದು ಏನನ್ನು ಸಾಬೀತು ಮಾಡಲಿ ಎಂಬುದೇ ಚಿಂತೆಯಾಗಿದೆ.

ನೀವು ಹೋಗುವಾಗ ನಿಮ್ಮದೇ ಒಂದು ಪಾರ್ ಮತ್ತು ಒಂದು ಹೆಡ್ ಒಯ್ಯಿರಿ. ಎರಡಕ್ಕೂ 1ನೇ ಅಡ್ರೆಸ್ ಕೊಟ್ಟು, ಒಂದನ್ನು ಎ ಲೈನಿಗೆ, ಇನ್ನೊಂದನ್ನು ಬಿ ಲೈನಿಗೆ ಪ್ಯಾಚ್ ಮಾಡಿ, ಒಟ್ಟಿಗೇ ಸಿಕ್ಕಿಸಿ, ಒಂದನ್ನಷ್ಟೇ ಓಡಿಸಿ. ಇನ್ನೊಂದು ಅಲುಗಿದರೆ ಚಹಾ ಕುಡಿದು ಎದ್ದು ಬನ್ನಿ. ಚಾನೆಲ್ ಸಂಖ್ಯೆ, ಮಾದರಿ, ಕ್ರಮಸಂಖ್ಯೆಗಳನ್ನು ಬಿಲ್ಲಿನಲ್ಲಿ ಬರೆಯಲು ಒಪ್ಪದವರಿಗೆ ನಗದು ಕೊಡಬೇಡಿ. "ಅಣ್ಣಾರ" ಎನ್ನುವವರಿಗಂತೂ ಕೊಡಲೇಬೇಡಿ.

ಬೋರ್ಡ್ ಇನ್ನೂ ನನ್ನ ಬಳಿಯೇ ಇದೆ, ಸಣ್ಣ ಮದುವೆಗಳಿಗೆ 512ರಲ್ಲೇ ಓಡಿಸುತ್ತಿದ್ದೇನೆ. ಹುಡುಗರು ಮರೆತು ಮತ್ತೆ ಎರಡು ಲೈನ್ ಎಂದುಕೊಳ್ಳದಿರಲೆಂದು ಬಿ, ಸಿ, ಡಿ ಸಾಕೆಟ್‌ಗಳ ಮೇಲೆ ಕಪ್ಪು ಟೇಪ್ ಸುತ್ತಿದ್ದೇನೆ. ಕಳೆದ ವಾರ ಅದೇ ಅಂಗಡಿಯವರು ಇನ್ನೊಂದು ಬೋರ್ಡಿನ ಫೋಟೊ ಹಾಕಿದ್ದರು: ನಾಲ್ಕು ಔಟ್‌ಪುಟ್, 2048 ಚಾನೆಲ್, ಬೆಲೆ 1,40,000.