ಅಕ್ಕಿ ಚೀಲದ ಮೇಲಿನ ವಿಳಾಸ: ಗಿರಾಕಿಯ ಡೊಮೇನ್ ನಿಮ್ಮ ಖಾತೆಯಲ್ಲಿ ಇಟ್ಟುಕೊಳ್ಳಬೇಡಿ

‘ಡೊಮೇನ್, ಹೋಸ್ಟಿಂಗ್ ಎಲ್ಲಾ ಸೇರಿ ಇಷ್ಟು’ ಅಂತ ಒಂದೇ ರೇಟು ಹೇಳಿ ಕೆಲಸ ಹಿಡಿಯುವವರು ಇದನ್ನು ಓದಬೇಕು. ಹಾಗೆ ಮಾಡಿಸಿಕೊಂಡವರೂ ಓದಬೇಕು. ಡೊಮೇನ್ ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಹೋಸ್ಟಿಂಗ್ ಅಂದರೆ ಸೈಟಿನ ಫೈಲುಗಳನ್ನು ಇಡುವ ಬಾಡಿಗೆ ಜಾಗ. ಗಂಗಾವತಿ ಕಡೆಯ ಒಂದು ರೈಸ್ ಮಿಲ್‌ಗೂ ಅದರ ವೆಬ್‌ಸೈಟ್ ಮಾಡಿದ ಹುಡುಗನಿಗೂ ಆದದ್ದು ಇದು. ಇಬ್ಬರೂ ಮೋಸಗಾರರಲ್ಲ, ಹೆಸರು ಬೇಡ.

ಮಾತಾದದ್ದು 15,000ಕ್ಕೆ: ಒಂದು ಡಾಟ್ ಕಾಮ್ ಡೊಮೇನ್, ಒಂದು ವರ್ಷದ ಹೋಸ್ಟಿಂಗ್, 5 ಪುಟ, ಎರಡು ಇಮೇಲ್ ವಿಳಾಸ. ಅಡ್ವಾನ್ಸ್ 5,000. ‘ಡೊಮೇನ್ ನಿಮ್ಮ ಹೆಸರಲ್ಲೇ ತಗೊಳ್ಳೋಣ್ರಿ ಸಾವ್ಕಾರ್ರ, ಓಟಿಪಿ ನಿಮ್ಮ ಫೋನಿಗೆ ಬರ್ತೈತಿ’ ಅಂದದ್ದಕ್ಕೆ ಬಂದ ಉತ್ತರ, ‘ಏ, ಅದೆಲ್ಲಾ ನಮಗ ತಿಳಿಯಂಗಿಲ್ಲಪ, ನೀನ ನೋಡ್ಕೊ’. ಹುಡುಗ ತನ್ನ ಜಿಮೇಲ್, ತನ್ನ ಫೋನ್ ನಂಬರ್ ಹಾಕಿ ಹತ್ತು ನಿಮಿಷದಲ್ಲಿ ತಗೊಂಡ. ತಪ್ಪಾದದ್ದು ಆ ಹತ್ತು ನಿಮಿಷದಲ್ಲಿ. ಮುಂದಿನದೆಲ್ಲ ಅದರ ಬಡ್ಡಿ.

ಕೆಲಸ ಶುರುವಾದ ಮೇಲೆ ಬರಹ ಬರಬೇಕಲ್ಲ. ಮಿಲ್‌ನವರು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಫೈಲ್ ಕಳಿಸಿದರು. ನಮ್ಮ ಕಡೆ ಇದು ತಪ್ಪದ ಗೋಳು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನ್ ಒಂದೇ ರೀತಿ ಓದುವ ಸಂಕೇತ) ಅಲ್ಲ. ಕಣ್ಣಿಗೆ ಕನ್ನಡ, ಫೈಲಿನೊಳಗೆ ರೋಮನ್ ಅಕ್ಷರ. ‘ಸೋನಾ ಮಸೂರಿ’ ಅಂತಿದ್ದದ್ದನ್ನು ವೆಬ್‌ಸೈಟಿಗೆ ಅಂಟಿಸಿದರೆ ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ವಿಚಿತ್ರ ಅಕ್ಷರಗಳ ಸಾಲು ಕಾಣುತ್ತದೆ. ಪರಿವರ್ತಕಕ್ಕೆ ಹಾಕಿದರೆ ಕನ್ನಡ ಸರಿಯಾಗುತ್ತದೆ, ಆದರೆ ನಡುವೆ ಇಂಗ್ಲಿಷಿನಲ್ಲಿದ್ದ ಜಿಎಸ್‌ಟಿ ನಂಬರಿನ ಅಕ್ಷರಗಳು ಕನ್ನಡದ ಕಸವಾಗುತ್ತವೆ. ಕೆಲವು ಪರಿವರ್ತಕಗಳು ಫೋನ್ ನಂಬರನ್ನೂ ಕನ್ನಡ ಅಂಕಿ ಮಾಡಿಬಿಡುತ್ತವೆ. ಅರ್ಕಾವತ್ತು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ. ಸಾಲಿನ ಎತ್ತರ ಇಂಗ್ಲಿಷಿಗೆ ಇಟ್ಟಷ್ಟೇ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫಾಂಟ್ ಗಾತ್ರದ 1.7 ಪಟ್ಟಾದರೂ ಕೊಡಬೇಕು. ಇಷ್ಟೆಲ್ಲ ತಿದ್ದುವುದಕ್ಕೆ 5 ಪುಟಕ್ಕೆ ಒಂದು ಇಡೀ ದಿನ ಹಿಡಿಯುತ್ತದೆ, ಅದನ್ನು ರೇಟಿನಲ್ಲಿ ಯಾರೂ ಸೇರಿಸಿರುವುದಿಲ್ಲ. ಇಲ್ಲೂ ಸೇರಿಸಿರಲಿಲ್ಲ.

ಆಮೇಲೆ ವಾಟ್ಸಾಪ್. ಬೆಳಿಗ್ಗೆ ಸಾವ್ಕಾರ್ರ ವಾಯ್ಸ್ ಮೆಸೇಜ್, ಮಧ್ಯಾಹ್ನ ಮಗನ ಫೋಟೋ, ರಾತ್ರಿ ಅಳಿಯಂದ ‘ಬಣ್ಣ ಬ್ಯಾರೆ ಮಾಡ್ರಿ, ಇದೊಂದ ಸಣ್ಣ ಚೇಂಜ್’. ಮೂವರ ಮಾತೂ ಒಂದಕ್ಕೊಂದು ಹೊಂದುವುದಿಲ್ಲ. ಒಂಬತ್ತು ಸುತ್ತು ತಿದ್ದುಪಡಿಯಾದ ಮೇಲೆ ಸೈಟ್ ಲೈವ್ ಆಯಿತು, 4,000 ಬಂತು. ಉಳಿದ 6,000ಕ್ಕೆ ‘ಸುಗ್ಗಿ ಮುಗೀಲಿ’.

ಸುಗ್ಗಿ ಮುಗಿಯಿತು. ಇನ್ನೊಂದು ಬೆಳೆಯೂ ಬಂತು. ವರ್ಷ ತುಂಬಿತು, ಡೊಮೇನ್ ನವೀಕರಣದ ದಿನ ಹತ್ತಿರ ಬಂತು.

ಡಾಟ್ ಕಾಮ್ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಂದು ಸಲ, ಒಂದು ವಾರ ಮೊದಲು ಇನ್ನೊಂದು ಸಲ ನೋಂದಣಿ ಕಂಪನಿ (ಡೊಮೇನ್ ಮಾರಿದ ಕಂಪನಿ) ನೆನಪಿನ ಮೇಲ್ ಕಳಿಸಲೇಬೇಕು. ಅದು ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ. ಕಳಿಸಿತು, ಹುಡುಗನ ಜಿಮೇಲ್‌ಗೆ. ಅವನು ‘ಬಾಕಿ ಕೊಡ್ರಿ, ಆಮೇಲೆ ರಿನ್ಯೂ’ ಅಂದ. ಮಿಲ್‌ನವರಿಗೆ ಅದು ಬೆದರಿಕೆಯ ಹಾಗೆ ಕೇಳಿಸಿತು, ಫೋನ್ ಎತ್ತುವುದು ಬಿಟ್ಟರು. ಅವನೂ ಬಿಟ್ಟ. ಇಲ್ಲಿ ಅವನ ಲೆಕ್ಕ ತಪ್ಪಿದ್ದು ಹೀಗೆ: ಡೊಮೇನ್ ಹಿಡಿದುಕೊಂಡರೆ ದುಡ್ಡು ಬರುತ್ತದೆ ಅಂದುಕೊಂಡ. ಆದರೆ ಡೊಮೇನ್ ಅಡವಿಟ್ಟ ಬಂಗಾರದ ಹಾಗೆ ಪೆಟ್ಟಿಗೆಯಲ್ಲಿ ಕೂಡುವುದಿಲ್ಲ.

ಅವಧಿ ಮುಗಿದ ಮೇಲೆ ಡಾಟ್ ಕಾಮ್‌ಗೆ ಮೂರು ಘಟ್ಟ. ಮೊದಲು ನೋಂದಣಿ ಕಂಪನಿ ಹೆಚ್ಚೆಂದರೆ 45 ದಿನ ಇಟ್ಟುಕೊಳ್ಳಬಹುದು. ಆಗ ಸಾಮಾನ್ಯ ದರಕ್ಕೋ, ಸ್ವಲ್ಪ ದಂಡಕ್ಕೋ ಸಿಗುತ್ತದೆ. ಆಮೇಲೆ 30 ದಿನದ ರಿಡೆಂಪ್ಶನ್, ವಾಪಸ್ ಪಡೆಯಲು ನವೀಕರಣದ ಹಲವು ಪಟ್ಟು ಕೊಡಬೇಕು. ಕೊನೆಗೆ 5 ದಿನ, ಆಗ ಯಾರೂ ಮುಟ್ಟಲಾಗದು, ನಂತರ ಯಾರು ಬೇಕಾದರೂ ಕೊಳ್ಳಬಹುದು. ಇಷ್ಟೂ ದಿನ ಸಿಗುತ್ತದೆ ಅಂತ ಕೂಡಬಾರದು, ಹಲವು ಕಂಪನಿಗಳು ಮೊದಲ ಘಟ್ಟದಲ್ಲೇ ಹೆಸರನ್ನು ಹರಾಜಿಗೆ ಇಡುತ್ತವೆ. ಸೈಟ್ ಅಂತೂ ಎರಡನೆಯ ಘಟ್ಟಕ್ಕೆ ಮೊದಲೇ ನಿಲ್ಲುತ್ತದೆ.

ಸೈಟ್ ನಿಂತದ್ದನ್ನು ಮಿಲ್‌ನವರು ಗಮನಿಸಿರಲಿಲ್ಲ. ತಮ್ಮ ಸೈಟನ್ನು ತಾವೇ ದಿನಾ ಯಾರು ತೆಗೆದು ನೋಡುತ್ತಾರೆ? ಗೊತ್ತಾದದ್ದು ಹೊರಗಿನ ಒಬ್ಬ ವ್ಯಾಪಾರಿ ಫೋನ್ ಮಾಡಿ, ‘ಆರ್ಡರ್ ಮೇಲ್ ವಾಪಸ್ ಬರ್ತಿದೆ’ ಅಂದಾಗ. ಡೊಮೇನ್ ಹೋದರೆ ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಅದರ ಎಂಎಕ್ಸ್ ದಾಖಲೆಯೂ ಹೋಗುತ್ತದೆ, ಆ ವಿಳಾಸದ ಮೇಲ್ ಎಲ್ಲಾ ಬಂದ್. ಅಷ್ಟರಲ್ಲಿ ಹೆಸರು ಬೇರೆಯವರ ಪಾಲಾಗಿ ಅಲ್ಲಿ ಬೆಟ್ಟಿಂಗ್ ಪುಟ ತೆರೆದಿತ್ತು.

ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಡೊಮೇನ್ ಕೊಂಡವನು ಹಳೆಯ ಸೇಲ್ಸ್ ವಿಳಾಸವನ್ನು ಐದು ನಿಮಿಷದಲ್ಲಿ ಮತ್ತೆ ಹುಟ್ಟಿಸಬಹುದು. ಮಿಲ್‌ನವರು ಆ ವಿಳಾಸವನ್ನು ಎಲ್ಲೆಲ್ಲಿ ಕೊಟ್ಟಿದ್ದರೋ ಅಲ್ಲಿನ ಪಾಸ್‌ವರ್ಡ್ ಬದಲಿಸುವ ಲಿಂಕ್, ಓಟಿಪಿ ಎಲ್ಲಾ ಅವನಿಗೆ ಹೋಗುತ್ತದೆ. ಡೊಮೇನ್ ಕಳೆದುಕೊಂಡವರು ಮೊದಲ ದಿನವೇ ಮಾಡಬೇಕಾದದ್ದು ಇದು: ಬ್ಯಾಂಕ್, ಜಿಎಸ್‌ಟಿ, ಗೂಗಲ್ ಖಾತೆ, ಆನ್‌ಲೈನ್ ಮಾರುಕಟ್ಟೆ, ಎಲ್ಲ ಕಡೆ ಆ ಇಮೇಲ್ ತೆಗೆದು ಬೇರೆ ಹಾಕುವುದು. ಹುಡುಗನ ಜೊತೆ ಜಗಳ ಆಮೇಲೆ ಮಾಡಿದರಾಯಿತು.

ಇನ್ನು ಚೀಲ. ಮಿಲ್‌ನ 26 ಕೆಜಿ ಚೀಲದ ಮೇಲೆ ವೆಬ್‌ಸೈಟ್ ವಿಳಾಸ ಪ್ರಿಂಟ್ ಆಗಿತ್ತು. (2022ರ ಜುಲೈನಲ್ಲಿ 25 ಕೆಜಿವರೆಗಿನ ಲೇಬಲ್ ಚೀಲಕ್ಕೆ ಜಿಎಸ್‌ಟಿ ಬಂತಲ್ಲ, ಆ 26 ಹುಟ್ಟಿದ್ದು ಹಾಗೆ.) ಬಣ್ಣದ ಬಿಒಪಿಪಿ (ಮೇಲೆ ಪ್ಲಾಸ್ಟಿಕ್ ಹಾಳೆ ಇರುವ) ಚೀಲಕ್ಕೆ ಒಂದೊಂದು ಬಣ್ಣಕ್ಕೆ ಒಂದೊಂದು ಪ್ರಿಂಟಿಂಗ್ ಸಿಲಿಂಡರ್ ಕೆತ್ತಿಸಬೇಕು. ಒಂದು ಸಾಲು ಬದಲಾದರೂ ಆ ಬಣ್ಣದ ಸಿಲಿಂಡರ್ ಹೊಸದೇ ಆಗಬೇಕು. ಗೋದಾಮಿನಲ್ಲಿದ್ದ ಚೀಲಗಳ ಮೇಲೆ ಬಿಳಿ ಸ್ಟಿಕರ್ ಅಂಟಿಸಿ ನೋಡಿದರು, ನಯವಾದ ಚೀಲ, ಲಾರಿ ಏರುವುದರೊಳಗೆ ಮೂಲೆ ಎದ್ದಿತು. ಕೆಳಗಿಂದ ಬೆಟ್ಟಿಂಗ್ ವಿಳಾಸ ಇಣುಕುತ್ತಿತ್ತು. 6,000 ಬಾಕಿಗೆ ಇಬ್ಬರೂ ತೆತ್ತದ್ದು ಇಷ್ಟು. ಹುಡುಗನಿಗೆ ಆ 6,000 ಇನ್ನೂ ಬಂದಿಲ್ಲ, ಆ ಕಡೆಯ ಬೇರೆ ಮಿಲ್‌ಗಳ ಕೆಲಸವೂ ಬರುವುದಿಲ್ಲ.

ಹಾಗಾದರೆ ಬಾಕಿ ವಸೂಲಿಗೆ ಏನು ಹಿಡಿಯಬೇಕು? ಕೆಲಸವನ್ನು ಹಿಡಿಯಬೇಕು, ಹೆಸರನ್ನಲ್ಲ. ಸೈಟನ್ನು ನಿಮ್ಮದೇ ಡೊಮೇನಿನ ಒಂದು ಉಪವಿಳಾಸದಲ್ಲಿ ಕಟ್ಟಿ ತೋರಿಸಿ, ಪಾಸ್‌ವರ್ಡ್ ಹಾಕಿಡಿ. ಶುರುವಿಗೆ 40%, ವಿನ್ಯಾಸ ಒಪ್ಪಿದಾಗ 40%, ಲೈವ್ ಮಾಡುವ ಮುಂಚೆ 20%. ಕೊನೆಯ 20% ಬರದೆ ಸೈಟ್ ಗಿರಾಕಿಯ ಡೊಮೇನಿಗೆ ಹೋಗಬಾರದು. ‘ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು’ ಅಂತಾರೆ. ಭತ್ತ ತೂಗಿ, ತೇವ ನೋಡಿ ದುಡ್ಡು ಕೊಡುವವರಿಗೆ ಈ ಮಾತು ತಿಳಿಯದ್ದೇನಲ್ಲ, ನಗುತ್ತಲೇ ಹೇಳಿ. ಕಾನೂನೂ ಇದಕ್ಕೆ ಅಡ್ಡಿಯಿಲ್ಲ: 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹೊರಗಿನವರು ಬರೆದುಕೊಟ್ಟ ಕೋಡು ಲಿಖಿತವಾಗಿ ವಹಿಸಿಕೊಡುವವರೆಗೂ ಬರೆದವರದ್ದೇ. ಗಿರಾಕಿಗಳೂ ಇದನ್ನು ಗಮನಿಸಬೇಕು. ಪೂರ್ತಿ ದುಡ್ಡು ಕೊಟ್ಟ ದಿನ ಒಂದು ಪುಟದ ವಹಿಸುವಿಕೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ, ಅದರಲ್ಲಿ ಹಕ್ಕು ಎಷ್ಟು ವರ್ಷಕ್ಕೆ ಅಂತ ಬರೆಸಿ. ಬರೆಸದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತಲೇ ಎಣಿಸುತ್ತದೆ.

ತಿದ್ದುಪಡಿ ಎರಡು ಸುತ್ತು. ಸುತ್ತು ಅಂದರೆ ಮನೆಯವರೆಲ್ಲ ಕೂತು ಒಪ್ಪಿ ಒಂದೇ ಪಟ್ಟಿಯಲ್ಲಿ ಕಳಿಸಿದ್ದು. ವಾಯ್ಸ್ ಮೆಸೇಜ್ ಲೆಕ್ಕಕ್ಕಿಲ್ಲ. ಮೂರನೆಯ ಸುತ್ತಿಗೆ ಗಂಟೆಗೆ ಇಷ್ಟು ಅಂತ ಮೊದಲೇ ಬರೆದಿಡಿ. ನುಡಿ ಫೈಲ್ ಬಂದರೆ ಪರಿವರ್ತನೆಗೆ ಪುಟಕ್ಕೆ ಇಷ್ಟು, ಅದೂ ಮೊದಲೇ.

ಡೊಮೇನ್ ಗಿರಾಕಿಯ ಸ್ವಂತ ಖಾತೆಯಲ್ಲಿ, ಅವರ ಕಾರ್ಡ್ ಅಥವಾ ಯುಪಿಐಯಿಂದ. ಇಮೇಲ್ ಮಿಲ್‌ನ ಆಫೀಸಿನದ್ದಾಗಿರಲಿ, ಆದರೆ ಅದೇ ಡೊಮೇನಿನದ್ದಾಗಿರಬಾರದು, ಡೊಮೇನ್ ನಿಂತ ದಿನ ನವೀಕರಣದ ಇಮೇಲ್ ಕೂಡ ನಿಲ್ಲುತ್ತದೆ. ಹೊಸದಾಗಿ ತಗೊಂಡಾಗ 15 ದಿನದೊಳಗೆ ಆ ಇಮೇಲ್‌ಗೆ ಬಂದ ದೃಢೀಕರಣ ಲಿಂಕ್ ಒತ್ತಬೇಕು, ಇಲ್ಲದಿದ್ದರೆ ಡೊಮೇನ್ ತಡೆಹಿಡಿಯಬಹುದು. ಒಂದೇ ವರ್ಷಕ್ಕೆ ಬದಲು 5 ವರ್ಷಕ್ಕೆ ತೆಗೆದಿಡಿ, 10ರವರೆಗೂ ಸಿಗುತ್ತದೆ. ಆಟೋ ರಿನ್ಯೂ ಹಾಕಿದ್ದೇವೆ ಅಂತ ಮಲಗಬಾರದು, ಕಾರ್ಡಿನ ಅವಧಿ ಮುಗಿದಿದ್ದರೆ ಅದು ಆಗುವುದಿಲ್ಲ.

ಈಗಾಗಲೇ ಗಿರಾಕಿಗಳ ಡೊಮೇನ್ ನಿಮ್ಮ ಖಾತೆಯಲ್ಲಿದ್ದರೆ ಈ ವಾರವೇ ವಾಪಸ್ ಮಾಡಿ, ಬಾಕಿ ಇದ್ದರೂ ಸರಿ. ಗಿರಾಕಿಯಿಂದ ಅದೇ ನೋಂದಣಿ ಕಂಪನಿಯಲ್ಲಿ ಖಾತೆ ತೆರೆಸಿ, ಖಾತೆಯಿಂದ ಖಾತೆಗೆ ದೂಡಿದರೆ ಬೇಗ ಮುಗಿಯುತ್ತದೆ. ಬೇರೆ ಕಂಪನಿಗೆ ಹೋಗಬೇಕಾದರೆ ಲಾಕ್ ತೆಗೆದು ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಟ್ಟಿನ ಸಂಕೇತ) ಕೊಡಬೇಕು. ನೋಂದಾಯಿಸಿ 60 ದಿನ ಆಗಿರದಿದ್ದರೆ ಸಾಮಾನ್ಯವಾಗಿ ಆಗುವುದಿಲ್ಲ. ನೇಮ್‌ಸರ್ವರ್ ಮುಟ್ಟುವ ಮೊದಲು ಡಿಎನ್ಎಸ್ ಪುಟದ (ಸೈಟ್ ಎಲ್ಲಿದೆ, ಮೇಲ್ ಎಲ್ಲಿಗೆ ಅಂತ ಹೇಳುವ ದಾಖಲೆಗಳು, ನೇಮ್‌ಸರ್ವರ್ ಇಟ್ಟುಕೊಳ್ಳುವುದು ಇವನ್ನೇ) ಎ, ಸಿನೇಮ್, ಎಂಎಕ್ಸ್, ಟಿಎಕ್ಸ್‌ಟಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಟ್ ಒಯ್ಯುವವರು ಮರೆಯುವುದು ಎಂಎಕ್ಸ್. ಸೈಟ್ ಚೆನ್ನಾಗಿ ತೆರೆಯುತ್ತದೆ, ಮೇಲ್ ಸತ್ತಿರುತ್ತದೆ, ವಾರವಾದ ಮೇಲೆ ಗೊತ್ತಾಗುತ್ತದೆ. ಒಂದು ದಿನ ಮುಂಚೆ ಈ ದಾಖಲೆಗಳ ಟಿಟಿಎಲ್ (ಹಳೆಯ ದಾಖಲೆಯನ್ನು ಬೇರೆ ಸರ್ವರುಗಳು ನೆನಪಿಟ್ಟುಕೊಳ್ಳುವ ಹೊತ್ತು) 300 ಸೆಕೆಂಡಿಗೆ ಇಳಿಸಿದ್ದರೆ ದಾಖಲೆಯ ತಪ್ಪನ್ನು ಸುಮಾರು ಐದು ನಿಮಿಷದಲ್ಲಿ ತಿದ್ದಬಹುದು, ನೇಮ್‌ಸರ್ವರನ್ನೇ ಬದಲಿಸಿದ್ದರೆ ಹೆಚ್ಚು ಹೊತ್ತು ಹಿಡಿಯುತ್ತದೆ. ಹೋಸ್ಟಿಂಗಿನಿಂದ ಫೈಲುಗಳ ಜಿಪ್ ಒಂದು, ಡೇಟಾಬೇಸಿನ ಪ್ರತಿ ಒಂದು, ಎರಡನ್ನೂ ಪೆನ್‌ಡ್ರೈವಿನಲ್ಲಿ ಕೊಡಿ. ಫೈಲ್ ಮಾತ್ರ ಕೊಟ್ಟರೆ ವರ್ಡ್‌ಪ್ರೆಸ್ ಸೈಟಿನಲ್ಲಿ ಬರಹ ಇರುವುದಿಲ್ಲ.

ಗಿರಾಕಿಗಳು ಮಾಡಬೇಕಾದದ್ದು ಕಡಿಮೆ. ಐಕ್ಯಾನಿನ ಲುಕಪ್ ಪುಟದಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ. 2018ರಿಂದ ಮಾಲೀಕರ ಹೆಸರು ಅಲ್ಲಿ ಮುಚ್ಚಿರುವುದೇ ಹೆಚ್ಚು, ಆದರೆ ನೋಂದಣಿ ಕಂಪನಿ, ಅವಧಿ ಮುಗಿಯುವ ದಿನ ಎರಡೂ ಕಾಣುತ್ತವೆ. ಆ ಕಂಪನಿಗೆ ನೀವೇ ಲಾಗಿನ್ ಆಗಿ, ಓಟಿಪಿ ನಿಮ್ಮ ಫೋನಿಗೇ ಬಂದರೆ ಡೊಮೇನ್ ನಿಮ್ಮ ಕೈಯಲ್ಲಿದೆ. ಬರದಿದ್ದರೆ ಇವತ್ತೇ ಆ ಹುಡುಗನಿಗೆ ಫೋನ್ ಮಾಡಿ, ಬಾಕಿ ಇದ್ದರೆ ಕೊಟ್ಟೇ ಮಾತಾಡಿ. ಚೀಲದ ಪ್ರಿಂಟಿಗೆ ವಿಳಾಸ ಕೊಡುವುದು ಅದಾದ ಮೇಲೆ.